ಫೋಟೋ ಬದಿಗಿಟ್ಟು ಮರದ ಮುಂದೆ ನಿಲ್ಲು

ಚಿ. ಶ್ರುತಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಭೂದೃಶ್ಯದ ಚಿತ್ರಗಳನ್ನು ನಿಧಾನವಾಗಿ ನೋಡಿದೆ. ಕೈ ಚೆನ್ನಾಗಿ ಪಳಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲುಮರಗಳ ರಸ್ತೆಯ ಚಿತ್ರದಲ್ಲಿ ನೆರಳೆಲ್ಲ ಒಂದೇ ಕಪ್ಪಾಗಿದೆ. ಮೊಬೈಲಿನ ಫೋಟೋ ನೋಡಿಕೊಂಡು ಬರೆದದ್ದು ಎಂದು ಅಲ್ಲಿಯೇ ಗೊತ್ತಾಗುತ್ತದೆ. ಬಿಸಿಲನ್ನು ಹಿಡಿಯಲು ಹೊರಟ ಕ್ಯಾಮೆರಾ ನೆರಳನ್ನು ಮಸಿ ಮಾಡಿಬಿಡುತ್ತದೆ. ಅದೇ ಮರದಡಿ ಸ್ವಲ್ಪ ಹೊತ್ತು ನಿಂತರೆ ಕಣ್ಣು ಹೊಂದಿಕೊಂಡು, ನೆರಳಿನೊಳಗಿನ ನೀಲಿ, ನೇರಳೆ, ತರಗೆಲೆಯ ಕಂದು ಒಂದೊಂದಾಗಿ ಕಾಣತೊಡಗುತ್ತವೆ.

ಚಿತ್ರಕಾರ ಡೇವಿಡ್ ಹಾಕ್ನಿಯ ಭೂದೃಶ್ಯಗಳನ್ನು ನೀನು ಗಮನವಿಟ್ಟು ನೋಡಬೇಕು. 1937ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಈಜುಕೊಳಗಳನ್ನು ಬರೆದು ಹೆಸರಾದವರು. ಎಪ್ಪತ್ತರ ಹೊಸ್ತಿಲಲ್ಲಿ ತಮ್ಮ ಹುಟ್ಟುಸೀಮೆ ಯಾರ್ಕ್‌ಶೈರಿಗೆ ಮರಳಿ, ಹುಡುಗನಾಗಿದ್ದಾಗ ಹೊಲದ ಕೆಲಸ ಮಾಡಿದ್ದ ಸೀಮೆಯಲ್ಲೇ ಈಸೆಲ್ ಹೂಡಿದರು. ಅವರ 2009ರ 'ವಿಂಟರ್ ಟಿಂಬರ್' ಚಿತ್ರವನ್ನು ತೆರೆದು ನೋಡು. ಕಡಿದು ಹಾಕಿದ ದಿಮ್ಮಿಗಳು ಕಿತ್ತಳೆ, ಮುಂದೆ ನಿಂತ ಮೋಟುಮರ ನೇರಳೆ, ಹಿಂದಿನ ಮರಗಳು ನೀಲಿ. ದಾರಿಯ ತುದಿಯಲ್ಲಿ ಮರಗಳು ಸುಳಿಯಂತೆ ತಿರುಗಿ ನಮ್ಮನ್ನು ಒಳಕ್ಕೆ ಎಳೆಯುತ್ತವೆ. ಗಾಳಿಯೇ ಇಲ್ಲದ ಚಿತ್ರ ಅದು, ಆದರೂ ಎಷ್ಟು ಚಲನೆ! ನೀನು ಚಲನೆ ತರಲು ಎಲೆಗಳನ್ನೆಲ್ಲ ಒಂದೇ ಕಡೆಗೆ ಬಾಗಿಸಿದ್ದೀಯೆ. ಅಷ್ಟು ಸಾಲದಮ್ಮ. ನೋಡುವವರ ಕಣ್ಣು ಚಿತ್ರದೊಳಗೆ ಓಡಾಡಬೇಕು.

ಅದಕ್ಕೆಂದೇ ಅವರು ದೊಡ್ಡ ಅಳತೆ ಹಿಡಿದರೆಂದು ನನಗೆ ಅನ್ನಿಸುತ್ತದೆ. 2007ರ 'ಬಿಗ್ಗರ್ ಟ್ರೀಸ್ ನಿಯರ್ ವಾರ್ಟರ್' 50 ಕ್ಯಾನ್ವಾಸುಗಳನ್ನು ಜೋಡಿಸಿದ ಒಂದೇ ಚಿತ್ರ, ಅಗಲ ಸುಮಾರು 12 ಮೀಟರ್. ಎಲೆ ಚಿಗುರಿ ಕೊಂಬೆಗಳ ಹೆಣಿಗೆಯನ್ನು ಮುಚ್ಚುವ ಮೊದಲೇ ಮುಗಿಸಬೇಕೆಂದು ಬಯಲಿನಲ್ಲೇ ನಿಂತು ಬರೆದದ್ದು.

ಯಂತ್ರಗಳನ್ನು ಅವರು ದೂರವಿಟ್ಟವರಲ್ಲ. ಒಂದು ವಾಹನಕ್ಕೆ ಒಂಬತ್ತು ಕ್ಯಾಮೆರಾ ಕಟ್ಟಿ, ವೋಲ್ಡ್‌ಗೇಟ್ ಎಂಬ ಹಳ್ಳಿರಸ್ತೆಯಲ್ಲಿ ನಿಧಾನವಾಗಿ ಸಾಗಿ ನಾಲ್ಕೂ ಋತುಗಳನ್ನು ಚಿತ್ರೀಕರಿಸಿದರು. ಆ ದೃಶ್ಯಗಳನ್ನು ಒಟ್ಟಿಗೆ ತೋರಿಸುವ ಒಂಬತ್ತು ಪರದೆಗಳು ಒಂದಕ್ಕೊಂದು ಪೂರ್ತಿ ಕೂಡಿಕೊಳ್ಳುವುದಿಲ್ಲವಾದ್ದರಿಂದ ಕಣ್ಣು ಒಂದರಿಂದ ಇನ್ನೊಂದಕ್ಕೆ ಹರಿಯುತ್ತಲೇ ಇರುತ್ತದೆ. ಅದೇ ರಸ್ತೆಗೆ ವಸಂತ ಬರುವುದನ್ನು 2011ರ ಜನವರಿಯಿಂದ ಐಪ್ಯಾಡಿನಲ್ಲಿಯೂ ಬರೆದರು. ಆದ್ದರಿಂದ ಮೊಬೈಲನ್ನು ಬಿಸಾಡು ಎಂದು ನಾನು ಹೇಳುತ್ತಿಲ್ಲ. ಒಂದೇ ಕ್ಷಣವನ್ನು ಹಿಡಿದುಕೊಟ್ಟ ಫೋಟೋವನ್ನು ನಂಬಿ ಮನೆಯೊಳಗೆ ಕೂರಬೇಡ.

ಅಲ್ಲಿ ಮೇ ತಿಂಗಳಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡದ ಬೇಲಿಗಳು ಬೆಳ್ಳಗೆ ಹೂಬಿಡುತ್ತವೆ, ಕೆಲವೇ ದಿನಗಳಲ್ಲಿ ಉದುರಿಹೋಗುತ್ತವೆ. ಆ ದಿನಗಳಿಗಾಗಿ ಅವರು ಕಾದಿರುತ್ತಿದ್ದರು. ನಿನ್ನ ಬೀದಿಯ ಹೊಂಗೆಗೂ ಅಂಥ ಗಳಿಗೆ ಇದೆ. ಯುಗಾದಿಯ ಆಸುಪಾಸಿನಲ್ಲಿ ಎಲೆ ಕಳಚಿ ಮತ್ತೆ ಚಿಗುರುವಾಗ, ಬೆಳಗಿನ ಓರೆಬಿಸಿಲು ಎಳೆಯೆಲೆಯನ್ನು ಹಾದು ಬರುತ್ತದೆ. ನಮ್ಮಲ್ಲಿ ಹತ್ತು ಗಂಟೆಯ ಮೇಲೆ ಸೂರ್ಯ ನೆತ್ತಿಗೇರಿ ನೆರಳೆಲ್ಲ ಬುಡಕ್ಕೆ ಸರಿದುಬಿಡುವುದರಿಂದ ಬೇಗ ಎದ್ದು ಹೋಗು. ದಿನವೂ ಒಂದೇ ಮರ, ಒಂದೇ ಹೊತ್ತು. ಕಪ್ಪು ಬಣ್ಣದ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗು.

ಬರೆದದ್ದನ್ನು ಫೋಟೋ ತೆಗೆದು ಕಳಿಸಬೇಡ. ಬೇಸಿಗೆ ರಜೆಗೆ ಬರುವಾಗ ಹಾಳೆಗಳನ್ನೇ ಸುತ್ತಿಕೊಂಡು ಬಾ, ಜಗಲಿಯಲ್ಲಿ ಹರಡಿ ನೋಡೋಣ.

ಇಂತಿ,
ನಿನ್ನ ಅತ್ತೆ