ಏನು ತೋರಿಸಬಾರದು ಎಂದು ಹೇಳಿದ್ದಾಯಿತು, ಸಂಘರ್ಷದ ವರದಿಗೆ ಹೋದವರು ವಾಪಸ್ ಬರುವುದು ಹೇಗೆ?

ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

2025ರ ಏಪ್ರಿಲ್ 26ರಂದು ನಿಮ್ಮ ಸಚಿವಾಲಯ ಮಾಧ್ಯಮಗಳಿಗೆ ಒಂದು ಸೂಚನೆ ಕಳಿಸಿತು. ಸೇನಾ ಕಾರ್ಯಾಚರಣೆ, ಪಡೆಗಳ ಓಡಾಟ ಇವುಗಳ ನೇರ ಪ್ರಸಾರ ಬೇಡ ಎಂಬುದು ಅದರ ಸಾರ. ಮೇ ತಿಂಗಳಲ್ಲಿ, ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ ಎಂದೂ ನಾಗರಿಕ ರಕ್ಷಣಾ ಇಲಾಖೆ ಚಾನೆಲ್‌ಗಳಿಗೆ ಹೇಳಬೇಕಾಯಿತು. ಎರಡಕ್ಕೂ ನಮ್ಮ ತಕರಾರಿಲ್ಲ. ನೇರ ದೃಶ್ಯ ನೋಡಿಕೊಂಡು ಗಡಿಯಾಚೆಯವರು ಫಿರಂಗಿಯ ಗುರಿ ತಿದ್ದಿಕೊಳ್ಳಬಹುದು. ಸ್ಟುಡಿಯೋದಲ್ಲಿ ಗಂಟೆಗೊಮ್ಮೆ ಸೈರನ್ ಕೂಗಿಸಿದರೆ ನಿಜವಾದ ಸೈರನ್‌ಗೆ ಯಾರೂ ಏಳುವುದಿಲ್ಲ.

ತಕರಾರಿರುವುದು ಆ ಸೂಚನೆ ಆಧರಿಸಿದ, ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 6(1)(ಪಿ) ನಿಯಮದ ಮಾತಿನ ಬಗ್ಗೆ. ಭಯೋತ್ಪಾದನೆ ವಿರೋಧಿ ಕಾರ್ಯಾಚರಣೆ ಮುಗಿಯುವ ತನಕ ಸರ್ಕಾರ ಗೊತ್ತುಪಡಿಸಿದ ಅಧಿಕಾರಿ ಆಗಾಗ ಕೊಡುವ ವಿವರಕ್ಕೇ ಮಾಧ್ಯಮ ಸೀಮಿತವಾಗಿರಬೇಕು ಎನ್ನುತ್ತದೆ ಅದು. ನೇರ ಪ್ರಸಾರಕ್ಕೆಂದು ಬರೆದ ಈ ಮಾತನ್ನೇ ಹಿಡಿದು, ಸಂಜೆ ಚಿತ್ರ ಕಳಿಸುವ ವರದಿಗಾರನನ್ನೂ ನಾಕಾದಲ್ಲಿ ತಡೆಯಬಹುದು. ಚಿತ್ರೀಕರಿಸಿ ತಡವಾಗಿ ಪ್ರಸಾರ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದು ಒಂದು ಸಾಲು ಸೇರಿಸಿ.

ಇನ್ನು ವರದಿಗೆ ಹೋದವರ ಜೀವದ ವಿಚಾರ. ಇದನ್ನು ನಿಮ್ಮ ಮನೆಯಿಂದಲೇ ಶುರು ಮಾಡಬೇಕಾಗಿದೆ. 2018ರ ಅಕ್ಟೋಬರ್ 30ರಂದು ಛತ್ತೀಸಗಢದ ದಂತೇವಾಡದಲ್ಲಿ ಮಾವೋವಾದಿಗಳ ಹೊಂಚುದಾಳಿಗೆ ಬಲಿಯಾದ ಕ್ಯಾಮೆರಾಮನ್ ಅಚ್ಯುತಾನಂದ ಸಾಹು ದೂರದರ್ಶನದವರು. ಚುನಾವಣಾ ವರದಿಗೆಂದು ಪೊಲೀಸರ ಜತೆ ಬೈಕ್‌ಗಳಲ್ಲಿ ಹೊರಟ ತಂಡ ಅದು. ಗುಂಡಿನ ನಡುವೆ ನೆಲಕ್ಕೊರಗಿ ಮಲಗಿದ್ದ ಸಹಾಯಕ, ತಾನು ಉಳಿಯಲಾರೆನೆಂದುಕೊಂಡು, ತಾಯಿಗೆಂದು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟರು. ಮಾಧ್ಯಮದವರಿದ್ದದ್ದು ತಮಗೆ ಗೊತ್ತಿರಲಿಲ್ಲ ಎಂದು ಮಾವೋವಾದಿಗಳು ಆಮೇಲೆ ಹೇಳಿಕೆ ಕೊಟ್ಟರು. ಅದನ್ನು ನಂಬಬೇಕೆಂದೇನೂ ಇಲ್ಲ. ಆದರೆ ಪೊಲೀಸರ ಸಾಲಿನಲ್ಲೇ ಬೈಕ್ ಮೇಲೆ ಕೂತವನು ದೂರದ ಪೊದೆಯಿಂದ ನೋಡುವವನಿಗೆ ಪೊಲೀಸನಂತೆಯೇ ಕಾಣುತ್ತಾನೆ ಎಂಬುದಂತೂ ನಿಜ. ಬೆಂಗಾವಲು ಬೇಡ ಎನ್ನುವ ಹಕ್ಕು ವರದಿಗಾರನಿಗಿರಬೇಕು ಎಂದು ನಾವು ಹೇಳುವುದು ಇದಕ್ಕೇ.

ಗುಂಡುನಿರೋಧಕ ಜಾಕೆಟ್ ಕೊಟ್ಟಿದ್ದೇವೆ ಎನ್ನುವ ಉತ್ತರ ಸಾಲದು. ಬಟ್ಟೆಪದರದ ಹಗುರ ಜಾಕೆಟ್ ತಡೆಯುವುದು ಪಿಸ್ತೂಲಿನ ಗುಂಡನ್ನು, ಎ.ಕೆ.47ರ ಗುಂಡು ಅದನ್ನು ಸೀಳಿಕೊಂಡು ಹೋಗುತ್ತದೆ. ರೈಫಲ್ಲಿಗೆ ಎದೆಗೊಂದು, ಬೆನ್ನಿಗೊಂದು ಗಟ್ಟಿ ಫಲಕ ಬೇಕು, ಒಂದೊಂದೂ ಎರಡೂವರೆ–ಮೂರು ಕಿಲೋ. ಸೆರಾಮಿಕ್ ಫಲಕ ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಹೊರಗೆ ಏನೂ ಕಾಣದೆ ಒಳಗೇ ಬಿರುಕು ಬಿಟ್ಟಿರಬಹುದು. ಎಕ್ಸ್‌ರೇ ಮಾಡಿಸದೆ ತಿಳಿಯುವುದಿಲ್ಲ. ಫಲಕದ ಮೇಲಂಚು ಕೊರಳಗುಳಿಯ ಹತ್ತಿರ ಕೂರಬೇಕು. ಸಣ್ಣ ಮೈಕಟ್ಟಿನವರಿಗೆ ದೊಡ್ಡ ಜಾಕೆಟ್ ತೊಡಿಸಿದರೆ ಫಲಕ ಹೊಟ್ಟೆಗೆ ಜಾರಿ ಹೃದಯದ ಭಾಗ ಬಯಲಾಗುತ್ತದೆ. ಪೊಲೀಸರಿಂದ ಎರವಲು ತಂದ ಹಸಿರು, ಖಾಕಿ ಬಣ್ಣದ್ದಂತೂ ಬೇಡವೇ ಬೇಡ.

ಜಾಕೆಟ್ ತೊಟ್ಟರೂ ತೊಡೆಗೆ ರಕ್ಷಣೆಯಿಲ್ಲ. ಅಲ್ಲಿನ ದೊಡ್ಡ ರಕ್ತನಾಳ ಹರಿದರೆ ಉಳಿಯುವುದು ಕೆಲವೇ ನಿಮಿಷ. ಆಂಬುಲೆನ್ಸ್ ಬರುವ ಮಾತಿಲ್ಲ. ಆಗ ಬೇಕಾದದ್ದು ಟೂರ್ನಿಕೆ ಎಂಬ ಬಿಗಿಪಟ್ಟಿ. ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಕೀಲನ್ನು ತಪ್ಪಿಸಿ ಕಟ್ಟಿ, ರಕ್ತ ನಿಲ್ಲುವ ತನಕ ಪಟ್ಟಿಯಲ್ಲಿರುವ ಕಡ್ಡಿ ತಿರುವಿ, ಕಟ್ಟಿದ ಹೊತ್ತನ್ನು ಬರೆದಿಡಬೇಕು. ಅಗ್ಗದ ನಕಲಿಗಳಲ್ಲಿ ತಿರುವುವಾಗಲೇ ಕಡ್ಡಿ ಮುರಿಯಬಹುದು. ಅಸಲಿಯೂ ಕಾರಿನಲ್ಲಿಟ್ಟ ಬ್ಯಾಗಿನ ತಳದಲ್ಲಿದ್ದರೆ ಇಲ್ಲದಂತೆಯೇ. ಎಡಗೈಗೂ ಬಲಗೈಗೂ ಸಿಗುವಂತೆ ಮೈಮೇಲೇ ಇರಬೇಕು.

ಇಷ್ಟೆಲ್ಲ ಯಾರಿಗೆ ಸಿಗುತ್ತದೆ? ರಾಜಧಾನಿಯಿಂದ ಬರುವವರಿಗೆ ಒಂದಿಷ್ಟು ಸಿಗಬಹುದು. ಸುದ್ದಿಗಿಷ್ಟೆಂದು ಹಣ ಪಡೆಯುವ ಸ್ಥಳೀಯ ವರದಿಗಾರ, ಅಂದರೆ ಸ್ಟ್ರಿಂಗರ್‌ಗೆ ನೇಮಕಾತಿ ಪತ್ರವೇ ಇರುವುದಿಲ್ಲ. ಸ್ವಂತ ಅಪಘಾತ ವಿಮೆ ಮಾಡಿಸಿಕೊಂಡರೂ, ಯುದ್ಧ ಮತ್ತು ಯುದ್ಧಸದೃಶ ಘಟನೆಗಳಿಗೆ ಪರಿಹಾರವಿಲ್ಲ ಎಂಬ ಷರತ್ತು ಸಾಮಾನ್ಯ ಪಾಲಿಸಿಗಳ ಸಣ್ಣಕ್ಷರದಲ್ಲಿ ಕೂತಿರುತ್ತದೆ. ನಿಮ್ಮ ಪತ್ರಕರ್ತರ ಕಲ್ಯಾಣ ಯೋಜನೆ ಗರಿಷ್ಠ 5 ಲಕ್ಷ ರೂಪಾಯಿ ಕೊಡುತ್ತದೆ, ಸತ್ತ ಮೇಲೆ, ಇಲ್ಲವೇ ಶಾಶ್ವತವಾಗಿ ಅಂಗವಿಕಲರಾದ ಮೇಲೆ. ಛತ್ತೀಸಗಢದ ಬಿಜಾಪುರದ ಪತ್ರಕರ್ತ ಮುಕೇಶ್ ಚಂದ್ರಾಕರ್ 2021ರಲ್ಲಿ ಮಾವೋವಾದಿಗಳ ವಶದಲ್ಲಿದ್ದ ಸಿಆರ್‌ಪಿಎಫ್ ಯೋಧನ ಬಿಡುಗಡೆಗೆ ನೆರವಾದವರು. ರಸ್ತೆ ಕಾಮಗಾರಿಯ ಅಕ್ರಮ ಬಯಲಿಗೆಳೆದ ಅವರ ಶವ 2025ರ ಜನವರಿ 3ರಂದು ಶೌಚಗುಂಡಿಯಲ್ಲಿ ಸಿಕ್ಕಿತು. ಅಂಥವರಿಗೆ ಜಾಕೆಟ್‌ಗಿಂತ ಮುಖ್ಯವಾದದ್ದು, ಎರಡು ಗಂಟೆಗೊಮ್ಮೆ ಫೋನ್ ಎತ್ತುವ ಡೆಸ್ಕ್, ಉತ್ತರ ಬಾರದಿದ್ದರೆ ಯಾರಿಗೆ ಯಾವ ಕ್ರಮದಲ್ಲಿ ಕರೆ ಹೋಗಬೇಕೆಂಬ ಪಟ್ಟಿ.

ಚಾನೆಲ್‌ಗಳ ಅಪ್‌ಲಿಂಕಿಂಗ್, ಅಂದರೆ ಉಪಗ್ರಹಕ್ಕೆ ಪ್ರಸಾರ ಕಳಿಸುವ, ಅನುಮತಿಗೆ 2022ರ ಮಾರ್ಗಸೂಚಿ ಇದೆ. ಸಂಘರ್ಷ ಪ್ರದೇಶಕ್ಕೆ ಕಳಿಸುವ ಪ್ರತಿಯೊಬ್ಬರಿಗೂ, ಸ್ಟ್ರಿಂಗರ್ ಮತ್ತು ಚಾಲಕನಿಗೂ, ಯುದ್ಧದ ಅಪಾಯ ಒಳಗೊಂಡ ವಿಮೆ, ತರಬೇತಿ, ಹೋಗುವುದಿಲ್ಲ ಎನ್ನುವ ಹಕ್ಕು ಇವನ್ನು ಅದರಲ್ಲಿ ಷರತ್ತಾಗಿ ಸೇರಿಸಿ. ಅದಕ್ಕೆ ಸಮಯ ಹಿಡಿಯುತ್ತದೆ, ಗೊತ್ತು. ಅಷ್ಟರೊಳಗೆ ಸಂಸತ್ತಿನಲ್ಲಿ ಒಂದು ಲೆಕ್ಕ ಕೊಡಿ: ಬೆಂಗಳೂರೂ ಸೇರಿದಂತೆ ದೂರದರ್ಶನದ ಯಾವ ಕೇಂದ್ರದಲ್ಲಿ ಎಷ್ಟು ಜಾಕೆಟ್‌ಗಳಿವೆ, ಯಾವ ದರ್ಜೆಯವು, ಫಲಕಗಳನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಹೆಣ್ಣುಮಕ್ಕಳ ಅಳತೆಯವು ಎಷ್ಟು?

ಇಂತಿ,
ಸುದ್ದಿಮನೆಗಳ ಡೆಸ್ಕ್ ಮತ್ತು ಕ್ಯಾಮೆರಾ ವಿಭಾಗದ ಕೆಲವರು