ಇಂದ್ರಜಾಲದ ಮೆಸೇಜ್ ಡಿಲೀಟ್ ಮಾಡಿದ್ದೇಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಗುಂಪಿನಲ್ಲಿ ಬಂದಿದ್ದ "ವಾಸ್ತು ಇಂದ್ರಜಾಲ, ಫ್ರೇಮ್ ಸಹಿತ, ಬಳ್ಳಾರಿಯಲ್ಲಿ ಮನೆಗೇ ಡೆಲಿವರಿ" ಅನ್ನೋ ಮೆಸೇಜನ್ನ ತೆಗೆದಿದ್ದೀನಿ. ಹಾಕಿದೋರು ಬೇಜಾರಾಗಬ್ಯಾಡ್ರಿ.

ಮಾರೋರು ಈ ಇಂದ್ರಜಾಲವನ್ನ ಮನೆಗೆ ಒಳ್ಳೇದು ಮಾಡೋ ಅಪರೂಪದ ಬೇರು, ಮೂಲಿಕೆ ಅಂತ ಹೇಳ್ತಾರೆ. ಅಸಲಿಗೆ ಅದು ಸಮುದ್ರದ ತಳದಲ್ಲಿ ಬಂಡೆ ಹಿಡಿದು ಬೆಳೆಯೋ ಹವಳದ ಜಾತಿ ಪ್ರಾಣಿ. ಹೆಚ್ಚಿನವು ಸೀ ಫ್ಯಾನ್ (ಬೀಸಣಿಗೆಯಂತೆ ಹರಡಿ ಬೆಳೆಯೋ ಹವಳ), ಕೆಲವು ಕಪ್ಪು ಹವಳ. ಫ್ರೇಮಿನಲ್ಲಿ ಕಾಣೋ ಕರಿ ಬಲೆ ಅದರ ಅಸ್ಥಿಪಂಜರ ಅಷ್ಟೇ. ಜೀವ ಇದ್ದಾಗ ಸೀ ಫ್ಯಾನಿನ ಎಳೆ ಎಳೆಗೂ ಸಾಸಿವೆ ಕಾಳಿನಂಥ ಸಣ್ಣ ಜೀವಿಗಳು ಕೂತು, ಒಂದೊಂದೂ ಎಂಟು ಪುಟ್ಟ ಕೈ ಚಾಚಿ, ಹರಿಯೋ ನೀರಿನಲ್ಲಿ ಆಹಾರ ಹಿಡೀತಿರ್ತಾವೆ. ಬೆಳೆಯೋದು ಬಹಳ ನಿಧಾನ. ಕಿತ್ತ ಜಾಗ ಮತ್ತೆ ತುಂಬಬೇಕಂದ್ರೆ ವರ್ಷಗಟ್ಟಲೆ ಬೇಕು.

ಸೀ ಫ್ಯಾನ್, ಕಪ್ಪು ಹವಳ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಶೆಡ್ಯೂಲಿನಲ್ಲಿವೆ. ಹುಲಿ ಇರೋ ಪಟ್ಟೀನೇ ಅದು! ಮಾರೋದು, ಕೊಳ್ಳೋದು, ಗೋಡೆಗೆ ತೂಗುಹಾಕೋದು ಎಲ್ಲಾ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು, ಮೇಲೆ ಕನಿಷ್ಠ 25 ಸಾವಿರ ದಂಡ. ಮನೆಗೆ ಒಳ್ಳೇದಾಗಲಿ ಅಂತ ತಂದು ಕೋರ್ಟಿಗೆ ಅಲೆಯೋದು ಯಾವ ವಾಸ್ತುನೋ!

ಗೋಕರ್ಣ, ಮುರ್ಡೇಶ್ವರ ಕಡೆ ಹೋಗೋರಿಗೂ ಒಂದು ಮಾತು: ಒಣಗಿಸಿದ ಸಮುದ್ರ ಕುದುರೆ, ಹವಳದ ತುಂಡು ಕೊಳ್ಳಬ್ಯಾಡ್ರಿ. "ತಿಮಿಂಗಿಲ ವಾಂತಿ, ಕೋಟಿ ಬೆಲೆ" ಅನ್ನೋ ಫಾರ್ವರ್ಡ್‌ಗಳೂ ಈ ಗುಂಪಿಗೆ ಬ್ಯಾಡ. ಅದರ ವ್ಯಾಪಾರಕ್ಕೂ ಕೇಸ್ ಆಗ್ತದೆ.

ಇಂಥ ಜಾಹೀರಾತು ಮತ್ತೆ ಕಂಡರೆ ಫಾರ್ವರ್ಡ್ ಮಾಡದೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸ್ರಿ, ಅರಣ್ಯ ಇಲಾಖೆಗೆ ಮುಟ್ಟಿಸ್ತೀನಿ.