ಅಟ್ಟದ ಮೇಲಿನ ಕಂಪ್ಯೂಟರ್ ಗುಜರಿಗೆ ಹಾಕಬೇಡ

ಸನ್ನಿವೇಲ್, ಕ್ಯಾಲಿಫೋರ್ನಿಯಾ, ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ಅಟ್ಟ ಖಾಲಿ ಮಾಡುತ್ತಿದ್ದೇವೆ, ನಿನ್ನ ಹಳೇ ಕಂಪ್ಯೂಟರ್ ಗುಜರಿಯವನಿಗೆ ಕೊಡಲಾ ಅಂತ ಕೇಳಿದ್ದೆಯಲ್ಲ. ಕೊಡಬೇಡ. ಯಾಕೆ ಅಂತ ಫೋನಲ್ಲಿ ಹೇಳಲು ಹೋದರೆ ನೀನು ಮಧ್ಯದಲ್ಲೇ ಕುಕ್ಕರ್ ಇಳಿಸೋಕೆ ಎದ್ದು ಹೋಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಇಲ್ಲಿ ಹಳೇ ಟಿವಿ, ಕಂಪ್ಯೂಟರ್ ಎಲ್ಲ ಒಟ್ಟು ಮಾಡುತ್ತಿದ್ದರು, ನಾನೂ ಕೈ ಜೋಡಿಸಲು ಹೋಗಿದ್ದೆ. ಡಿಕ್ಕಿಯಿಂದ ಇಳಿಸಿ ಇಳಿಸಿ ಸೊಂಟ ಹೋಯಿತು. ಒಂದು ದಪ್ಪ ಮಾನಿಟರ್ ಬಂತು ನೋಡು, ಅದರ ಮೂಲೆಯಲ್ಲಿ ಅರಿಶಿನ ಕುಂಕುಮದ ಬೊಟ್ಟು! ಯಾವ ಕಾಲದ ಆಯುಧಪೂಜೆಯದೋ, ಪ್ಲಾಸ್ಟಿಕ್ಕಿಗೇ ಬಣ್ಣ ಹಿಡಿದಿತ್ತು. ನಮ್ಮದಕ್ಕೂ ಅಮ್ಮ ಹಾಗೇ ಇಡುತ್ತಿದ್ದಳು, ಅಲ್ವಾ?

ಆ ಥರದ ಮಾನಿಟರಿನ ಗಾಜಿನಲ್ಲಿ ಒಂದೆರಡು ಕಿಲೋ ಸೀಸ ಇರುತ್ತದೆ, ವಿಷದ ಲೋಹ ಅದು. ಗುಜರಿಗೆ ಹೋದರೆ ಅದನ್ನು ಒಡೆದು ತಾಮ್ರ ಕೀಳುತ್ತಾರೆ, ಗಾಜು ಎಲ್ಲೋ ಮೋರಿ ಪಕ್ಕ ಬೀಳುತ್ತದೆ. ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುತ್ತಾರೆ. ಬೆಂಗಳೂರಿನ ಗೋರಿಪಾಳ್ಯ, ನಾಯಂಡಹಳ್ಳಿ ಕಡೆ ಸಣ್ಣ ಸಣ್ಣ ಶೆಡ್‌ಗಳಲ್ಲಿ ಬಿಚ್ಚಿ ಬೇರ್ಪಡಿಸಿದ್ದೇ ಜಾಸ್ತಿ. ಅವರನ್ನು ಬೈಯಲಾರೆ, ಹೊಟ್ಟೆಪಾಡು. ಆದರೆ ಈ ಕಂಪ್ಯೂಟರ್ ತಯಾರಿಸಿ ಮಾರಿ ದುಡ್ಡು ಎಣಿಸಿಕೊಂಡವರು ಎಲ್ಲಿ ಹೋದರು?

ಇಲ್ಲಿನ ಜನ ಈ ಪ್ರಶ್ನೆಯನ್ನು ಅಷ್ಟು ಸುಲಭಕ್ಕೆ ಬಿಟ್ಟವರಲ್ಲ. ಪಕ್ಕದ ಸ್ಯಾನ್ ಹೊಸೆಯಲ್ಲಿ ಚಿಪ್ ಫ್ಯಾಕ್ಟರಿಯ ಟ್ಯಾಂಕ್ ಸೋರಿ ಕುಡಿಯುವ ನೀರಿನ ಬಾವಿಗೇ ರಾಸಾಯನಿಕ ಸೇರಿತ್ತು, ಅದು ಗೊತ್ತಾದ ಮೇಲೆ 1982ರಲ್ಲಿ ಸಿಲಿಕಾನ್ ವ್ಯಾಲಿ ಟಾಕ್ಸಿಕ್ಸ್ ಕೊಯಲಿಷನ್ ಅನ್ನೋ ಹೋರಾಟದ ಸಂಘಟನೆ ಹುಟ್ಟಿತು. ಗ್ರೀನ್‌ಪೀಸ್ ಅನ್ನೋ ಪರಿಸರ ಸಂಘಟನೆಯವರಂತೂ 2009ರ ಜುಲೈನಲ್ಲಿ ಇಲ್ಲೇ ಹತ್ತಿರದ ಪಾಲೊ ಆಲ್ಟೊದಲ್ಲಿ ಕಂಪ್ಯೂಟರ್ ಕಂಪನಿ ಎಚ್‌ಪಿಯ ಆಫೀಸಿನ ತಾರಸಿ ಹತ್ತಿ ‘ಹಜಾರ್ಡಸ್ ಪ್ರಾಡಕ್ಟ್ಸ್’ (ಅಪಾಯಕಾರಿ ಸರಕು) ಅಂತ ದೊಡ್ಡದಾಗಿ ಬರೆದುಬಿಟ್ಟರು. ಅದೂ ಮಕ್ಕಳು ಬೆರಳಲ್ಲಿ ಬಳಿಯುವ, ವಿಷವಿಲ್ಲದ ಬಣ್ಣದಲ್ಲಿ! ಪಿವಿಸಿ ಪ್ಲಾಸ್ಟಿಕ್, ಬ್ರೋಮಿನ್ ಇರುವ ರಾಸಾಯನಿಕಗಳನ್ನು ಬಳಸೋದನ್ನು ಆ ವರ್ಷದೊಳಗೆ ಬಿಡುತ್ತೇವೆ ಎಂದಿದ್ದ ಕಂಪನಿ ಗಡುವನ್ನು 2011ಕ್ಕೆ ತಳ್ಳಿತ್ತು, ಸಿಟ್ಟು ಅದಕ್ಕೆ. ಮೊದಲೇ ಒಳಗೆ ವಿಷ ತುಂಬಿ ಕಳಿಸಿದರೆ ಕೊನೆಗೆ ಅದರ ಹೊಗೆ ಕುಡಿಯುವವರು ಎಲ್ಲಿಯವರು ಹೇಳು.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡ. ಕ್ಯಾಲಿಫೋರ್ನಿಯಾದಲ್ಲಿ 2005ರಿಂದ ಹೊಸ ಟಿವಿ ಕೊಂಡರೆ ಬಿಲ್ಲಿಗೇ ರಿಸೈಕ್ಲಿಂಗ್ ಶುಲ್ಕ ಸೇರಿಸುತ್ತಾರೆ, ಕೊಡೋದು ಕೊಂಡವರು. ನಮ್ಮ ದೇಶದಲ್ಲಿ 2012ರಿಂದ, ಕಾಗದದ ಮೇಲಾದರೂ, ರಿಸೈಕ್ಲಿಂಗ್ ತಯಾರಿಸಿದವರ ಜವಾಬ್ದಾರಿ. ನನಗೆ ನಮ್ಮದೇ ಸರಿ ಅನ್ನಿಸುತ್ತದೆ.

ಅದಕ್ಕೇ ಮೊದಲು ಮಾನಿಟರ್ ಹಿಂದೆ ಹೆಸರಿರುವ ಕಂಪನಿಗೆ ಫೋನ್ ಮಾಡಿ, ವಾಪಸ್ ತಗೊಳ್ಳಿ ಅಂತ ಕೇಳು. ಏನೂ ಗೊತ್ತಿಲ್ಲದವರ ಥರ ಮಾತಾಡಿದರೆ ಸುಮ್ನೆ ಫೋನ್ ಇಟ್ಟುಬಿಡಬೇಡ, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತೀಯಲ್ಲ, ಹಾಗೆ ಹಿಡಿ. ಆಗಲೂ ಆಗಲಿಲ್ಲವಾ, ತುಮಕೂರಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಅಂತ 2005ರಲ್ಲಿ ಶುರುವಾದ ರಿಸೈಕ್ಲಿಂಗ್ ಘಟಕ ಇದೆ, ವಿಚಾರಿಸಿಕೊಂಡು ಭಾವನ ಕಾರಲ್ಲಿ ಒಯ್ಯಿರಿ. ಗುಜರಿಯವನು ಕೊಡುವ ಮುನ್ನೂರು ರೂಪಾಯಿ ನಾನೇ ಕಳಿಸುತ್ತೇನೆ, ಭಾವನಿಗೆ ಅದೇ ಚಿಂತೆ ಅಂತ ಗೊತ್ತು.

ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಸಿ ಇಟ್ಟುಕೋ. ನಿನ್ನ ಮದುವೆ ಫೋಟೋ ಎಲ್ಲ ಅದರಲ್ಲೇ ಇವೆ.

ಇಂತಿ ನಿನ್ನ ತಮ್ಮ